ನಿಂಬೆಹಣ್ಣು ಹಿಡಿದು ಗುದ್ದುವ ನನ್ನ ತಂಗಿ

ಮೂಡಲಗಿಯಲ್ಲಿ ಅರವತ್ತೊಂದು ವರ್ಷದ ಒಬ್ಬ ಹೆಂಗಸು ಇದ್ದಾಳೆ. ಅವಳ ಓಣಿಯಲ್ಲಿ ಅವಳಿಂದ ಒದೆ ತಿನ್ನದ ಗಂಡಸು ಯಾರೂ ಉಳಿದಿಲ್ಲ. ಹಾಲಿನವನು ತಿಂದಿದ್ದಾನೆ, ದವಾಖಾನೆಯ ಕಂಪೌಂಡರ್ ತಿಂದಿದ್ದಾನೆ, ಕಾಲೇಜಿನವರು ಪಾಳಿ ಹಚ್ಚಿ ತಿಂದಿದ್ದಾರೆ. ಎಲ್ಲರಿಗಿಂತ ಹೆಚ್ಚು ತಿಂದವನು ನಾನು. ಅವಳು ನನ್ನ ಒಡಹುಟ್ಟಿದ ತಂಗಿ!

ಗಾಬರಿಯಾಗಬೇಡಿ. ಒದೆತವೆಲ್ಲ ಟಿ.ವಿ.ಯ ಒಳಗೆ. ಅವಳು ಟೇಲರ್. ಮಗಳು ಮದುವೆಯಾಗಿ ಹೋಗುವಾಗ ತನ್ನ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ತವರಲ್ಲೇ ಬಿಟ್ಟು ಹೋದಳು. ಇವಳು ಧೂಳು ಒರೆಸಲು ಹೋಗಿ ಯಾವುದೋ ಗುಂಡಿ ಒತ್ತಿದಳು. ತೆರೆಯ ಮೇಲೆ ಇಬ್ಬರು ಪೈಲವಾನರು ಎದುರಾಬದುರು ನಿಂತರು. ಅದರಲ್ಲೊಬ್ಬ ಇವಳು ಹೇಳಿದಂತೆ ಕೇಳುತ್ತಿದ್ದ. ಹೇಳಿದಂತೆ ಕೇಳುವ ಗಂಡಸನ್ನು ಜೀವಮಾನದಲ್ಲಿ ಅಂದೇ ಮೊದಲು ಕಂಡವಳು ಬಿಟ್ಟಾಳೆಯೇ?

ಗುಂಡಿ ಒತ್ತಿ ಆಡಿಸುವ ಹಳೆಯ ಕಂಟ್ರೋಲರ್ ಸವೆದಾಗ ಹೊಸದನ್ನು ಆರಿಸಲು ಗೋಕಾಕಕ್ಕೆ, ನನ್ನ ಊರಿಗೆ, ಬಂದಳು. ಅಂಗಡಿಯವನು ಬಣ್ಣಬಣ್ಣದ ದೀಪ ಮಿನುಗುವ ಒಂದನ್ನು ಮುಂದಿಟ್ಟ.

"ಬಾಯಾರ, ಇದಕ್ಕ ವೈರ್ ಇಲ್ರಿ. ಹೊಸಾ ಮಾಲು."

"ದೀಪ ಹಚ್ಚಿ ಆರತಿ ಮಾಡೂದೈತೇನು? ವೈರ್ ಇದ್ದದ್ದು ತಗಿ. ನಾ ಒತ್ತಿದ್ದು ಗಾಳ್ಯಾಗ ಅಡ್ಡಾಡಕೋತ ಹೋಗಿ ಮುಟ್ಟೂದ್ರಾಗ ನನಗ ಎರಡು ಬಿದ್ದಿರ್ತಾವು!"

ಒಂದೊಂದನ್ನೂ ಕಿವಿಗೆ ಹಿಡಿದು ಒತ್ತಿ ನೋಡಿದಳು. ಒಂದರ ಸ್ಪ್ರಿಂಗ್ ಸಡಿಲ, ಇನ್ನೊಂದರ ಗುಂಡಿ ಬಿಗಿ. ನಲವತ್ತು ವರ್ಷ ಕತ್ತರಿ ಹಿಡಿದ ಹೆಬ್ಬೆರಳು ನೋಯುತ್ತಿತ್ತು. ಅವಳಿಗೆ ಮುಷ್ಟಿಯಲ್ಲಿ ಹಿಡಿಯುವಂಥದು ಬೇಕು. ಮೂರು ಅಂಗಡಿ ಮುಗಿದ ಮೇಲೆ ನೆಟ್ಟಗೆ ಹೋದದ್ದು ಎಲ್ಲಿಗೆ ಗೊತ್ತೇ? ಕಟ್ಟಿಗೆಯ ಗೊಂಬೆ, ಹಣ್ಣು ಮಾಡುವ ನಮ್ಮೂರ ಕುಶಲಕರ್ಮಿಯ ಮನೆಗೆ! ಆತ ಅಗಲವಾದ ಪೆಟ್ಟಿಗೆ ಮಾಡಿದ, ಟಿ.ವಿ. ರಿಪೇರಿಯವನು ಹಳೆಯ ಕಂಟ್ರೋಲರಿನ ಕರುಳು ತೆಗೆದು ಅದರೊಳಗೆ ಜೋಡಿಸಿದ. ಎಡಗೈಗೆ ಒಂದು ಕೋಲು, ಕೋಲಿನ ತುದಿಗೆ ಒಂದು ಗುಂಡು. ಗುಂಡನ್ನು ಹಾಗೇ ಬಿಡಬಹುದಿತ್ತು.

"ಬರೇ ಕಟಗಿ ಬಿಟ್ರ ನನ್ನ ಕೈಗೆ ಸಮಾಧಾನ ಇಲ್ರಿ" ಎಂದು ಅದನ್ನು ನಿಂಬೆಹಣ್ಣು ಮಾಡಿದ. ತೊಟ್ಟು ಸಹಿತ!

ವೈರು ಸುತ್ತಿದ ಪೆಟ್ಟಿಗೆ, ಮೇಲೆ ನಿಂಬೆಹಣ್ಣು. ಬಾಜೂ ಮನೆಯಾಕೆ ಮಾಟವೆಂದು ತಿಳಿದು ಎಂಟು ದಿನ ಹೊಸ್ತಿಲು ತುಳಿಯಲಿಲ್ಲ.

ನಾನು ಪ್ರತಿ ವಾರ ಮೂಡಲಗಿಗೆ ಹೋಗುತ್ತಿದ್ದೆ, ಸೋಲಲು. ಹರೆಯದಲ್ಲಿ ಕುಸ್ತಿ ಆಡಿದ ಮೈ ನನ್ನದು. ಶುರುವಾದ ಕೂಡಲೇ ಎಲ್ಲ ಗುಂಡಿ ಒಟ್ಟಿಗೆ ಬಡಿದು ಮೇಲೆ ಹಾರುತ್ತಿದ್ದೆ.

"ಅಣ್ಣಾ, ಹಾರಬ್ಯಾಡ. ಹಾರಿದಾಂವ ಇಳೀಬೇಕಲ್ಲಾ? ನೀ ಇಳಿಯೂ ಜಾಗಾದಾಗ ನಾ ನಿಂತಿರ್ತೇನಿ."

"ನೀ ಯಾಕ ಹೊಡ್ಯಾಕ ಬರೂದಿಲ್ಲ?"

"ನಾಗರ ಪಂಚಮಿ ಮುಂದ ಕುಪ್ಪಸ ಆಗಿಲ್ಲಂತ ಜಗಳಕ್ಕ ಬರ್ತಾರಲ್ಲ, ಅವರಿಗೆ ನಾ ಏನು ಮಾಡ್ತೇನಿ? ಸುಮ್ನ ಕೇಳ್ತೇನಿ. ಒದರಿ ಒದರಿ ಉಸರು ತಗೊಳ್ಳಾಕ ನಿಂತಾಗ ಕುಪ್ಪಸ ಕೈಯಾಗ ಇಡ್ತೇನಿ. ಇಲ್ಲೂ ಅಷ್ಟ. ಮೈಮ್ಯಾಲೆ ಬರಾಂವನ್ನ ತಡೀಬೇಕು. ಅವನ ದೊಡ್ಡ ಹೊಡ್ತ ತಪ್ಪಿದ ಕೂಡ್ಲೆ ಒಂದು ಕ್ಷಣ ಖಾಲಿ ನಿಂತಿರ್ತಾನ. ಆಗ ಕೊಡಬೇಕು!"

ಕೊಟ್ಟೇಬಿಡುತ್ತಿದ್ದಳು. ಗೋಕಾಕದ ಚಹಾದ ಅಂಗಡಿಯಲ್ಲಿ, "ಪೈಲವಾನ್ರ, ಈ ವಾರಾನೂ ತಂಗಿ ಕಡಿಂದ ಚಿತ್ ಆದ್ರಂತ?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಇನ್ನು ನನ್ನ ಪಾಪ ಹೇಳಬೇಕು.

ಹುಕ್ಕೇರಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಈ ಆಟದ ಸ್ಪರ್ಧೆ ಇಟ್ಟರು. ತಂಗಿ, ಕೈತುಂಬ ಹೊಲಿಗೆ ಇರುವ ಪಂಚಮಿಯ ಮುಂದೆ, ಎಂಟು ದಿನ ಅಂಗಡಿ ಮುಚ್ಚಿ ತಯಾರಾದಳು! "ಇದೊಂದು ಸಲ ಗೆಲ್ಲಬೇಕಣ್ಣಾ" ಎಂದಳು. ಅವಳು ಏನನ್ನಾದರೂ ಬೇಕು ಅಂದದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಒಬ್ಬೊಬ್ಬರನ್ನೇ ಕೆಡವುತ್ತ ಫೈನಲ್ ಮುಟ್ಟಿದಳು. ಎದುರಾಳಿ ಸಂಕೇಶ್ವರದ ಮೊಬೈಲ್ ರಿಪೇರಿಯವ. ಉಸಿರಾಡಲು ಬಿಡದೆ ಮೈಮೇಲೆ ಬೀಳುವ ಆಸಾಮಿ. ಅಂಥವನೆಂದರೆ ತಂಗಿಗೆ ಹೋಳಿಗೆ!

ಆಟಕ್ಕೆ ಮುಂಚೆ ಆತ ಕೈತೊಳೆಯುವ ನಳದ ಹತ್ತಿರ ಸಿಕ್ಕ. ನನ್ನ ಬಾಯಿ ತಾನಾಗಿ ತೆರೆಯಿತು. "ಆಕಿ ತಾನಾಗಿ ಮುಂದ ಬರೂದಿಲ್ಲ. ನೀ ಹೋಗಬ್ಯಾಡ. ಸುಮ್ನ ನಿಂತ್ರ ಆಕಿಗೆ ಏನೂ ತಿಳಿಯೂದಿಲ್ಲ." ಒಡಹುಟ್ಟಿದವನು ಆಡುವ ಮಾತೇ ಇದು?

ವೇದಿಕೆಯ ಮೇಲೆ ಮದುಮಕ್ಕಳ ಕುರ್ಚಿಗಳಲ್ಲಿ ಇಬ್ಬರೂ ಕುಳಿತರು. ಆಟ ಶುರುವಾಯಿತು. ಅವನು ನಿಂತ. ಇವಳೂ ನಿಂತಳು. ತೆರೆಯ ಮೇಲೆ ಇಬ್ಬರು ಪೈಲವಾನರು ಒಬ್ಬರನ್ನೊಬ್ಬರು ನೋಡುತ್ತ ನಾಚಿಕೊಂಡಂತೆ ನಿಂತೇ ಇದ್ದರು. ಹಿಂದಿನಿಂದ ಯಾರೋ ಕೂಗಿದರು: "ಅಕ್ಷತಿ ಹಾಕ್ರೆಪಾ!" ಇಡೀ ಕಾರ್ಯಾಲಯ ಬಿದ್ದು ಬಿದ್ದು ನಕ್ಕಿತು. ವೇಳೆ ಮುಗಿಯುವ ಹೊತ್ತಿಗೆ ಅವನದೊಂದು ಸಣ್ಣ ಏಟು ತಗುಲಿ ಮೊದಲ ಸುತ್ತು ಅವಳ ಕೈಬಿಟ್ಟಿತು.

ಆಗ ಅವಳು ಹಿಂದಕ್ಕೆ ತಿರುಗಿ ಜನರ ನಡುವೆ ನನ್ನನ್ನು ಹುಡುಕಿ ನೋಡಿದಳು. ನಾನು ನೆಲ ನೋಡಿದೆ.

ಎರಡನೆಯ ಸುತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು ನೋಡಿ, ನಿಂಬೆಹಣ್ಣು ಕಿರುಗುಟ್ಟಿತು! ಎಂದೂ ಮುಂದೆ ಹೋಗದವಳು ಹೋದಳು. ಅವನಿಗೆ ನುಗ್ಗುವುದು ಗೊತ್ತು, ತಡೆಯುವುದನ್ನು ಯಾರು ಕಲಿಸಿದ್ದರು? ಕಾಲಿಗೆ, ತಲೆಗೆ, ಮತ್ತೆ ಕಾಲಿಗೆ. ಎರಡನೆಯದು ಅವಳದು. ಮೂರನೆಯದೂ ಅವಳದೇ! ಕುರ್ಚಿ ಹತ್ತಿ ನಿಂತು, "ನನ್ನ ತಂಗೀರೀ! ನನ್ನ ಸ್ವಂತ ತಂಗಿ!" ಎಂದು ಗಂಟಲು ಹರಿಯುವಂತೆ ಒದರಿದವನು ನಾನೇ. ಅಷ್ಟು ಹೆಮ್ಮೆ, ಅಷ್ಟು ನಾಚಿಕೆ ಒಂದೇ ಎದೆಯಲ್ಲಿ ಹೇಗೆ ಹಿಡಿದವೋ ನನಗೆ ಇಂದಿಗೂ ತಿಳಿಯದು.

ಗೋಕಾಕ ಹಾದು ಮೂಡಲಗಿಗೆ ಮರಳುವ ಬಸ್ಸು ಘೋಡಗೇರಿ ದಾಟಿದ ಮೇಲೆ ಹೇಳಿಬಿಟ್ಟೆ. "ಅವಂಗ ನಾನ ಹೇಳಿದ್ನಿ ಯವ್ವಾ. ತಪ್ಪಾತು."

"ಗೊತ್ತೈತಿ. ನೀ ಅಲ್ದ ಮತ್ಯಾರು ಹೇಳ್ತಾರ?"

"ಬೈಯೂದಿಲ್ಲೇನು?"

ಅವಳು ಕಿಟಕಿಯ ಕಡೆ ತಿರುಗಿದಳು. "ಬಯ್ಯಬೇಕಂತಾನ ಕುಂತಿದ್ನಿ ಅಣ್ಣಾ. ಆದ್ರ ನಾ ಹೆಂಗ ಆಡ್ತೇನಿ, ಎಲ್ಲೆ ಅಂಜತೇನಿ, ಎಲ್ಲಾ ನಿನಗ ಗೊತ್ತೈತಿ. ಅಷ್ಟು ಲಕ್ಷ್ಯ ಕೊಟ್ಟು ನನ್ನ ಈ ಜನ್ಮದಾಗ ಯಾರೂ ನೋಡಿದ್ದಿಲ್ಲ."

ಬಸ್ಸು ಗೋಕಾಕಕ್ಕೆ ಬಂದು ನಿಂತಿತು. "ಇಳಿಯಣ್ಣಾ, ನಿನ್ನ ಊರು ಬಂತು" ಎಂದಳು.

ನಾನು ಇಳಿಯಲಿಲ್ಲ.