ರುಮಾಲು ತೋಯಿಸದ ಈಜುಗಾರ

ನಮ್ಮ ಕಾಕಾ ಅಂತರರಾಷ್ಟ್ರೀಯ ಈಜುಪಟು ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ! ಆದರೆ ಇಷ್ಟು ಕೇಳಿ. ನಮ್ಮ ಊರು ಸಿಂಧನೂರು ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ಆಗ ಈಚೆ ದಂಡೆ ನಿಜಾಮರದು, ಆಚೆ ದಂಡೆ ಇಂಗ್ಲಿಷರದು. ಈ ಮನುಷ್ಯ ಇಲ್ಲಿ ನೀರಿಗಿಳಿದು ಅಲ್ಲಿ ಎದ್ದರೆ ಅದು ಪರದೇಶ ಪ್ರಯಾಣವೋ ಅಲ್ಲವೋ? ಟಿಕೀಟಿಲ್ಲ, ಹಡಗಿಲ್ಲ, ಬರೀ ಒಂದು ಲಂಗೋಟಿ!

ಅವನಿಗೆ ಬರುತ್ತಿದ್ದುದು ಕಪ್ಪೆ ಈಜು ಒಂದೇ. ಊರ ಗಂಡಸರೆಲ್ಲ ಬಾವಿಗೆ ಧುಡುಮ್ಮನೆ ಹಾರುತ್ತಿದ್ದರೆ ಇವನು ಮೆಟ್ಟಿಲ ಮೇಲೆ ಕೂತು ಕಪ್ಪೆ ಕಾಲು ಹೇಗೆ ಮಡಚುತ್ತದೆ, ಹೇಗೆ ಝಾಡಿಸುತ್ತದೆ ಎಂದು ನೋಡುತ್ತಿದ್ದ. ಮನೆಗೆ ಬಂದು ಹಗ್ಗದ ಹೊರಸಿನ ಮೇಲೆ ಬೋರಲು ಬಿದ್ದು ಅದೇ ಅಭ್ಯಾಸ. ಅಜ್ಜಿ ಒಮ್ಮೆ ನೋಡಿ, ಮಗನಿಗೆ ಮೂರ್ಛೆರೋಗ ಬಂತೆಂದು ಹೌಹಾರಿ, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಳು.

“ಯವ್ವಾ, ಬಿಡಬೇ! ನಾ ಈಜಾಕತ್ತೀನಿ!”

“ಹೊರಸಿನ ಮ್ಯಾಲೇನಲೇ? ನೀರು ಎಲ್ಲೈತಿ?”

“ನೀರು ಆಮ್ಯಾಲ ಬರ್ತೈತಿ, ಮೊದಲ ಕಾಲು ಬರಲಿ!”

ಕಾಲು ಬಂತು. ವೇಗ ಮಾತ್ರ ಬರಲಿಲ್ಲ. ಒಂದು ಮಳೆಗಾಲ ಮಸ್ಕಿಯ ಹಳ್ಳ ತುಂಬಿದಾಗ ಅಲ್ಲಿಯ ಅಂಗಡಿಕಾರರು ಈಜಿನ ಪಂದ್ಯ ಇಟ್ಟರು. ಇನಾಮು ಕೊಡಲು ಲಿಂಗಸುಗೂರಿನ ಪೊಲೀಸ್ ದರೋಗಾ ಸಾಹೇಬರು ಬಂದು ದಂಡೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಉಳಿದವರು ನೀರು ಬಡಿಯುತ್ತ ಸಾಹೇಬರ ಬೂಟಿಗೆಲ್ಲ ರಾಡಿ ಸಿಡಿಸಿದರು. ಕೊನೆಯಲ್ಲಿ ನಮ್ಮ ಕಾಕಾ! ಕಪ್ಪೆ ಈಜಿನಲ್ಲಿ ಎರಡೂ ಕೈ ಎದೆಯ ಮುಂದೆ ಕೂಡುತ್ತವಲ್ಲ? ಕತ್ತು ಎತ್ತಿ, ಕೈ ಜೋಡಿಸಿ, ಮತ್ತೆ ಕತ್ತು ಎತ್ತಿ, ಮತ್ತೆ ಕೈ ಜೋಡಿಸಿ ಬರುತ್ತಿದ್ದ. ಸಾಹೇಬರು ಅದು ತಮಗೇ ಮಾಡುತ್ತಿರುವ ನಮಸ್ಕಾರವೆಂದು ತಿಳಿದು ಪ್ರತಿಯೊಂದಕ್ಕೂ ಎದ್ದುನಿಂತು ಸಲಾಮು ಹೊಡೆದರು. ಇನಾಮೂ ಇವನಿಗೇ!

ಗೆದ್ದವನು ಕೆಂಡವಾದ. “ಸಾಹೇಬರ, ಮುಂದ ಬಂದಾಂವ ನಾ ರೀ!”

“ಮುಂದ ಬಂದಿ, ಖರೆ. ಸಲಾಮ್ ಎಲ್ಲಿ ಮಾಡಿದಿ?”

ಇನಾಮು ಏನೆಂದರೆ ಜರಿಯಂಚಿನ ಒಂದು ರುಮಾಲು. ಅಂದಿನಿಂದ ಅದು ಕಾಕಾನ ತಲೆ ಬಿಟ್ಟು ಇಳಿಯಲಿಲ್ಲ. ಈಜುವಾಗಲೂ! ಹೊಳೆಯ ನಡುವೆ ಒಂದು ರುಮಾಲು ತಾನೇ ತಾನಾಗಿ ತೇಲಿಹೋಗುವುದನ್ನು ಕಂಡು ಹೊಸಬರು ಹೆದರಿ ಓಡಿದ್ದುಂಟು. ತಲೆ ಮುಳುಗಿಸಿದರೆ ಬೇಗ ಹೋಗಬಹುದಲ್ಲ ಎಂದರೆ, “ಜರಿ ತೋದರ ನಿಮ್ಮಪ್ಪ ತಂದುಕೊಡ್ತಾನೇನು?” ಎಂದು ನನಗೇ ಕೇಳುತ್ತಿದ್ದ. ನಮ್ಮಪ್ಪ ಅವನ ಅಣ್ಣ, ತಂದುಕೊಡುವವನಂತೂ ಅಲ್ಲ.

ರುಮಾಲಿಗೆ ಒಂದು ಕೆಲಸವೂ ಇತ್ತು. ನಮ್ಮತ್ತೆಯನ್ನು, ಅಂದರೆ ಕಾಕಾನ ಅಕ್ಕನನ್ನು, ಆಚೆ ದಂಡೆಗೆ ಕೊಟ್ಟಿದ್ದರು. ನಾಗರ ಪಂಚಮಿ ನಮ್ಮಲ್ಲಿ ಹೆಣ್ಣುಮಕ್ಕಳ ಹಬ್ಬ. ಅಂದು ತವರಿನ ಉಂಡಿ ಬಾಯಿಗೆ ಬೀಳದೆ ಅತ್ತೆ ಗಂಡನ ಮನೆಯ ಉಂಡಿ ಮುಟ್ಟುವವಳಲ್ಲ. ಶ್ರಾವಣದ ಹೊಳೆಗೆ ಹೆದರಿ ಹರಿಗೋಲು ನಿಂತರೂ ಕಾಕಾ ನಿಲ್ಲುತ್ತಿರಲಿಲ್ಲ. ಎಳ್ಳುಂಡಿಯನ್ನು ರುಮಾಲಿನಲ್ಲಿ ಸುತ್ತಿ, ಕತ್ತೆತ್ತಿ, ಹೊಳೆಗೆಲ್ಲ ಕೈ ಮುಗಿಯುತ್ತ ಹೋಗಿ ಕೊಟ್ಟು ಬರುತ್ತಿದ್ದ.

ಆಮೇಲೆ ಆಚೆ ದಂಡೆಗೆ ಸ್ವಾತಂತ್ರ್ಯ ಬಂತು. ಈಚೆ ನಮಗೆ ಇನ್ನೂ ನಿಜಾಮರೇ. ಆ ಶ್ರಾವಣದಲ್ಲಿ ಹರಿಗೋಲುಗಳನ್ನು ದಂಡೆಗೆ ಬೋರಲು ಹಾಕಿಸಿದರು, ಯಾರೂ ದಾಟದಂತೆ ನಿಜಾಮರ ಬಂದೂಕಿನ ಸಿಪಾಯಿ ಬಂದು ನಿಂತ. ಅತ್ತೆಯ ನೆಗೆಣ್ಣಿ, ಅಂದರೆ ಅವಳ ಮೈದುನನ ಹೆಂಡತಿ, “ನಿನ್ನ ತವರು ಬ್ಯಾರೆ ದೇಶ ಆತಲ್ಲಬೇ. ಇನ್ಯಾರು ಬರ್ತಾರ?” ಎಂದು ಆಡಿಕೊಂಡಳೆಂಬ ಮಾತು ಹೇಗೋ ಹೊಳೆ ದಾಟಿ ಕಾಕಾನ ಕಿವಿಗೆ ಬಿತ್ತು.

ಪಂಚಮಿಯ ದಿನ ಅವನು ರುಮಾಲು ಸುತ್ತಿಕೊಂಡು ಎದ್ದ. ಅಜ್ಜಿ ಕೈ ಹಿಡಿದಳು.

“ಬ್ಯಾಡೋ ಯಪ್ಪಾ, ಗುಂಡು ಹಾರಸ್ತಾರ!”

“ಅಕ್ಕ ಉಪಾಸ ಕುಂತಿರ್ತಾಳಬೇ.”

ಅರ್ಧ ಹೊಳೆ ದಾಟಿರಬೇಕು, ಸಿಪಾಯಿ ಜರಿ ಹೊಳೆಯುವುದನ್ನು ಕಂಡ. ಕೂಗಿದ. ಢಮ್ಮೆಂದಿತು. ರುಮಾಲು ಕಾಣದಾಯಿತು. ಅಜ್ಜಿ ದಂಡೆಯ ಮೇಲೇ ಕುಸಿದಳು. ಎಷ್ಟೋ ಹೊತ್ತಿನ ಮೇಲೆ, ಆಚೆ ದಂಡೆಯ ಜೇಕು ಹುಲ್ಲಿನ ಹತ್ತಿರ ಒಂದು ತಲೆ ಎದ್ದಿತು. ದಂಡೆ ಹತ್ತಿ, ನಮ್ಮ ಕಡೆ ತಿರುಗಿ, ಎರಡೂ ಕೈ ಜೋಡಿಸಿತು. ಜೀವಮಾನದಲ್ಲಿ ಮೊದಲ ಸಲ ನಮ್ಮ ಕಾಕಾ ತಲೆ ಮುಳುಗಿಸಿ ಈಜಿದ್ದ!

ಮುಂದಿನದನ್ನು ಅತ್ತೆ ಎಷ್ಟೋ ವರ್ಷಗಳ ಮೇಲೆ ಹೇಳಿದಳು. ರುಮಾಲು ಬಿಚ್ಚಿದರೆ ಉಂಡಿ ಒಂದೂ ಇರಲಿಲ್ಲವಂತೆ. ಬೆಲ್ಲ ಕರಗಿ, ಎಳ್ಳು ಅರ್ಧ ಹೊಳೆಪಾಲಾಗಿ, ಉಳಿದದ್ದು ಜರಿಗೆ ಮೆತ್ತಿಕೊಂಡಿತ್ತು. ಗಂಡುಮಗನಾದ ಕಾಕಾ ಗೊಳೋ ಎಂದು ಅತ್ತನಂತೆ.

“ಅಕ್ಕಾ, ಉಂಡಿ ಹೊಳಿಪಾಲಾದವಬೇ.”

ಅತ್ತೆ ನೆಗೆಣ್ಣಿಯ ಎದುರಿಗೇ ಆ ತೊಯ್ದ ರುಮಾಲಿನ ಚುಂಗನ್ನು ಬಾಯಿಗಿಟ್ಟು, ಎಳೆಗೂಸಿನಂತೆ ಚೀಪಿದಳು. ಆಮೇಲೆ ತಮ್ಮನ ತಲೆ ಒರೆಸುತ್ತ ಅಂದಳಂತೆ:

“ಸಿಹಿ ಐತೋ ತಮ್ಮಾ. ತವರಿಂದು ಎಲ್ಲಾ ಬಂದೈತಿ.”