ಳಕಾರದ ತಪ್ಪೊಪ್ಪಿಗೆ

ಫಜೀತಿಗೆಲ್ಲ ಕಾರಣ ಒಂದೇ ಒಂದು ಅಕ್ಷರ. ಅಂತರರಾಷ್ಟ್ರೀಯ ಮೂಳೆ ಸಂಶೋಧನಾ ಸಂಘದ ನೂರು ವರ್ಷದ ಚರಿತ್ರೆಯಲ್ಲಿ 'ಮೂಳೆ'ಯನ್ನು ನಮ್ಮ ಟೈಪಿಸ್ಟ್ ಮಹಾಶಯ ಮೊದಲಿಂದ ಕೊನೆಯವರೆಗೆ 'ಮೂಲೆ' ಎಂದೇ ಕುಟ್ಟಿದ್ದ. ಕೊನೇ ಗಳಿಗೆಯಲ್ಲಿ ಅದು ಕಣ್ಣಿಗೆ ಬಿತ್ತು. 'ಮೂಲೆ ಕಂಡಲ್ಲೆಲ್ಲ ಮೂಳೆ ಮಾಡು' ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟು, ಪುಸ್ತಕವನ್ನು ತನ್ನ ಭಾವನ ಪ್ರೆಸ್ಸಿಗೆ ಕಳಿಸಿ ನಿರಾಳನಾದ. ಕಂಪ್ಯೂಟರು ಚಾಚೂ ತಪ್ಪಲಿಲ್ಲ. ನಿಜವಾದ ಮೂಲೆಗಳನ್ನೂ ಮೂಳೆ ಮಾಡಿಬಿಟ್ಟಿತು.

ಅವನದು ಟೆಂಪರರಿ ಕೆಲಸ. ಪುಸ್ತಕ ಚೆನ್ನಾಗಿ ಬಂದರೆ ಕಾಯಂ ಎಂದಿದ್ದರು ಮ್ಯಾನೇಜರು. ಆದರೆ ಟೈಪ್ ಮಾಡುತ್ತ ಮಾಡುತ್ತ ಅವನಿಗೆ ಕೆಲಸವೇ ಮರೆತುಹೋಗಿತ್ತು. ಎಂಥಾ ಜನ ಅಪ್ಪಾ! ಮುಟ್ಟಿದರೆ ಮೂಳೆ ಮುರಿಯುವ ಮಕ್ಕಳಿಗಾಗಿ ಐದು ದೇಶದ ಐವರು ಡಾಕ್ಟರು ಒಂದು ಬಾಡಿಗೆ ಕೋಣೆಯಲ್ಲಿ ಕೂತು ಕಟ್ಟಿದ ಸಂಘ. ದೇಶಗಳು ಯುದ್ಧಕ್ಕೆ ನಿಂತಾಗಲೂ ಇವರು ಒಬ್ಬರಿಗೊಬ್ಬರು ಎಕ್ಸ್‌ರೇ ಕಳಿಸುವುದನ್ನು ಬಿಡಲಿಲ್ಲ. ಕಂಡುಕೊಂಡದ್ದನ್ನು ಯಾರೂ ಬಚ್ಚಿಡಬಾರದು ಎಂಬುದೇ ಇವರ ನಿಯಮ. ಅವನ ಮೈ ಜುಮ್ಮೆಂದಿತ್ತು.

ಸಮಾರಂಭದ ಬೆಳಿಗ್ಗೆ ಮ್ಯಾನೇಜರು ಧುಮುಗುಟ್ಟುತ್ತ ಬಂದರು.

"ಏನ್ರೀ ಇದು? 'ಕೋಣೆಯ ಮೂಳೆಯಲ್ಲಿ ಸಂಘ ಹುಟ್ಟಿತು' ಅಂತೆ! 'ಜಗತ್ತಿನ ಮೂಳೆಮೂಳೆಗೂ ತಲುಪುವುದೇ ನಮ್ಮ ಗುರಿ' ಅಂತೆ! ಯಾರ ಘನಂದಾರಿ ಕೆಲ್ಸ?"

"ಪ್ರೆಸ್ಸಿನವ್ರದು, ಸಾರ್," ಎಂದ ಟೈಪಿಸ್ಟ್.

"ಹಾಗಂತ ಅವ್ರ ಕೈಲಿ ಬರೆಸ್ಕೊಂಡ್ ಬನ್ನಿ. ಇಲ್ಲಾಂದ್ರೆ ನಾಳೆಯಿಂದ ಬರೋದು ಬೇಡ."

ಭಾವನ ಪ್ರೆಸ್ಸು ಮನೆಯ ಮುಂಗೋಣೆಯಲ್ಲೇ. ಟೈಪಿಸ್ಟ್ ಏದುಸಿರು ಬಿಡುತ್ತ, ಭಾವನ ಪರವಾಗಿ ತಾನೇ ಬರೆದು ತಂದ ಕಾಗದ ಚಾಚಿದ. 'ಆ ಮಾತುಗಳು ಪೂರ್ತಿ ನನ್ನವೇ. ಟೈಪಿಸ್ಟನ ಕೈವಾಡ ಏನೇನೂ ಇಲ್ಲ.'

"ಅಲ್ಲಯ್ಯಾ, ನೀನು ಮಾಡಿದ್ದಕ್ಕೆ ನಾನ್ಯಾಕೆ ಸಹಿ ಹಾಕ್ಲಿ?" ಎಂದ ಭಾವ.

"ಅಕ್ಕನ ಮುಖ ನೋಡ್ಕೊಂಡಾದ್ರೂ ಹಾಕಿ, ಭಾವ!"

ಒಳಗಿಂದ ಅಕ್ಕ ಗದರಿದಳು. "ಹಾಕ್ರೀ! ನಿಮ್ಮ ಗಂಟೇನು ಹೋಗುತ್ತೆ?"

ಭಾವ ಹಾಕಿದ. ಟೈಪಿಸ್ಟ್ ಓಡಿ ತಂದು ಅದನ್ನು ಮ್ಯಾನೇಜರ ಕೈಗಿಟ್ಟ.

ಪುಸ್ತಕ ಆಗಲೇ ಸಭಾಂಗಣದ ಕುರ್ಚಿಕುರ್ಚಿಗೂ ಹಂಚಿಹೋಗಿತ್ತು. ಅಧ್ಯಕ್ಷೆ, ಎಪ್ಪತ್ತು ದಾಟಿದ ಡಾಕ್ಟರಮ್ಮ, ವೇದಿಕೆಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತ ಹೋಗಿ 'ಜಗತ್ತಿನ ಮೂಳೆಮೂಳೆಗೂ' ಎಂಬಲ್ಲಿ ನಿಂತರು. ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು. ಆಕೆ ಕನ್ನಡಕ ತೆಗೆದರು.

"ನಗಬೇಡಿ. ನಾಲ್ಕು ವರ್ಷಕ್ಕೆ ನನ್ನ ಮೈಯಲ್ಲಿ ಹನ್ನೊಂದು ಮೂಳೆ ಮುರಿದಿತ್ತು. ನನ್ನ ಮುಖವೇ ನೋಡದ ಈ ಸಂಘದ ಯಾರೋ ಡಾಕ್ಟರು ಬರೆದ ಕಾಗದ ಓದಿ ನಮ್ಮೂರ ಡಾಕ್ಟರು ನನ್ನನ್ನ ನಡೆಸಿದ್ರು. ನಮ್ಮೂರಿಗೆ ಈ ಸಂಘದವರು ಒಬ್ಬರೂ ಬಂದಿಲ್ಲ. ನನ್ನ ಮೂಳೆಗೆ ಮಾತ್ರ ಬಂದ್ರು. ನೂರು ವರ್ಷದಲ್ಲಿ ನಮ್ಮ ಗುರೀನ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಬರೆದೋರು ಯಾರು? ನಮ್ಮ ಪ್ರಕಟಣೆಗಳನ್ನೆಲ್ಲ ಇನ್ಮೇಲೆ ಅವ್ರೇ ನೋಡ್ಕೊಳ್ಳಲಿ."

ಸಭೆ ಎದ್ದು ನಿಂತಿತು. ಟೈಪಿಸ್ಟನೂ ಅಳುತ್ತ ಚಪ್ಪಾಳೆ ತಟ್ಟಿದ. ಆಮೇಲೆ, ಬರೆದವನು ತಾನೇ ಎಂದು ನೆನಪಾಗಿ ವೇದಿಕೆಯತ್ತ ಓಡಿದ. ಅಷ್ಟರಲ್ಲಿ ಮ್ಯಾನೇಜರು ಭಾವನ ಸಹಿಯ ಕಾಗದ ಎತ್ತಿಹಿಡಿದಿದ್ದರು.

ಸಂಜೆ ಭಾವ ಸಂಘದ ಕಚೇರಿಯ ಹೊಸ ಕುರ್ಚಿಯಲ್ಲಿ ಕೂತು ಅವನನ್ನು ಕರೆದ.

"ನಿನ್ನ ಉಪಕಾರ ಮರೆಯಲ್ಲ ಕಣಯ್ಯಾ. ಆದ್ರೆ ಕಾಯಂ ವಿಷಯ ಸ್ವಲ್ಪ ಕಷ್ಟ. ಎಲ್ಲಾ ನಿನ್ನ ಭಾವಾನೇ ಬರೆದಿದ್ರೆ, ಇಷ್ಟು ದಿನ ನೀನೇನು ಮಾಡ್ತಿದ್ದೆ ಅಂತ ಕೇಳ್ತಿದಾರೆ."