ದಪ್ಪ ಅಕ್ಷರದ ಚಟ್ನಿಪುಡಿ

ಕೆಲವರಿಗೆ ಎಲೆಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನದು. ನನಗಿರುವುದು ದಪ್ಪ ಅಕ್ಷರಗಳ ಹುಚ್ಚು. ಬೀದರಿನ ಗಾಂಧಿ ಗಂಜ್ ಪೇಟೆಯಲ್ಲಿ ಚೀಲಗಳ ಮೇಲೆ, ಗೋದಾಮಿನ ಶಟರಿನ ಮೇಲೆ ಇರುತ್ತವಲ್ಲ, ಕಬ್ಬಿಣದ ತಗಡು ಕತ್ತರಿಸಿ ಜೋಡಿಸಿದಂಥ ಚೌಕಾಕಾರದ ಅಕ್ಷರಗಳು, ಅವುಗಳ ಮುಂದೆ ನಾನು ಬಾಯಿಬಿಟ್ಟುಕೊಂಡು ನಿಲ್ಲುತ್ತಿದ್ದೆ. ನಮ್ಮ ಕನ್ನಡದ ದುಂಡು ಅಕ್ಷರಗಳನ್ನು ಹಿಡಿದು ಚೌಕ ಮಾಡಿದ ಆ ಪುಣ್ಯಾತ್ಮ ಸಿಕ್ಕಿದ್ದರೆ ಕಾಲಿಗೆ ಬೀಳುವವನಿದ್ದೆ. ಈಗ ಸಿಕ್ಕರೆ ಕಾಲು ಮುರಿಯುತ್ತೇನೆ.

ನನ್ನ ಹೆಂಡತಿ ಪಾರ್ವತಿ ತನ್ನ ತವರೂರಾದ ಔರಾದಿನ ರೀತಿಯಲ್ಲಿ ಶೇಂಗಾ ಚಟ್ನಿಪುಡಿ ಕುಟ್ಟುತ್ತಾಳೆ. ಗುರುತಿಲ್ಲದವರೊಬ್ಬರು ಅದನ್ನು ತಿಂದು ಚೆನ್ನಾಗಿದೆ ಅನ್ನಬೇಕೆಂಬುದು ಅವಳ ಬಹುದಿನದ ಆಸೆ. ಕೊನೆಗೂ ಧೈರ್ಯ ಮಾಡಿ, ಪೊಟ್ಟಣ ಕಟ್ಟಿ ಭಾಲ್ಕಿಯ ಅಂಗಡಿಯೊಂದಕ್ಕೆ ಕಳಿಸಲು ಹೊರಟಳು. ಪೊಟ್ಟಣದ ಮೇಲಿನ ಚೀಟಿಯ ಜವಾಬ್ದಾರಿಯನ್ನು ನಾನೇ ಮೈಮೇಲೆ ಎಳೆದುಕೊಂಡೆ. "ಸರ್, ಈ ಅಕ್ಷರ ನಾವು ಸಿಮೆಂಟಿಗಿ, ಹೊಲದ ಔಷಧಕ್ಕ ಹಾಕ್ತೇವ್ರಿ" ಎಂದು ಪ್ರೆಸ್ಸಿನವರು ಬೇಡಿಕೊಂಡರು. "ದೂರದಿಂದ ಕಾಣಬೇಕ್ರಿ" ಎಂದೆ. ಕಂಡಿತು. ಹಳದಿ ಚೀಟಿ, ಕಪ್ಪು ಅಕ್ಷರ. 'ಪಾರ್ವತಿ ಪುಡಿ' ಎಂಬಷ್ಟಕ್ಕೇ ಜಾಗವೆಲ್ಲ ಮುಗಿದು, 'ಶೇಂಗಾ ಚಟ್ನಿ' ಎಂಬುದು ಕೆಳಗೆ ಸಾಸಿವೆಕಾಳಿನಷ್ಟಾಗಿ ಮುದುಡಿಕೊಂಡಿತು.

ವ್ಯಾಪಾರ ನೋಡೋಣವೆಂದು ಸಂತೆಯ ದಿನ ಇಬ್ಬರೂ ಭಾಲ್ಕಿಗೆ ಹೋದೆವು. ಆ ಅಂಗಡಿಯಲ್ಲಿ ಒಂದು ಕಡೆ ಕಿರಾಣಿ, ಇನ್ನೊಂದು ಕಡೆ ಬೀಜ, ಕೀಟನಾಶಕ. ಪಾರ್ವತಿ ಬೆಲ್ಲ, ಉಪ್ಪಿನಕಾಯಿಗಳ ನಡುವೆ ಹುಡುಕುತ್ತಿದ್ದಳು. ನನ್ನ ಅಕ್ಷರ ನನಗೆ ದೂರದಿಂದಲೇ ಕಂಡಿತು, ತಲೆಬುರುಡೆಯ ಚಿತ್ರವಿದ್ದ ಡಬ್ಬಿಯ ಮಗ್ಗುಲಲ್ಲಿ!

"ಇದನ್ನ ಯಾರರೇ ಒಯ್ದಾರೇನ್ರಿ?" ಎಂದೆ ತೊದಲುತ್ತ.

"ಹಲಬರ್ಗಾದವರು ಒಯ್ದಾರ್ರಿ, ಇರಬಿಗೆ ಹಾಕ್ಲಾಕ. ನೋಡ್ರಿ, ಅವರೇ ಬಂದ್ರು" ಎಂದರು ಅಂಗಡಿಯವರು. ಇರುವೆಗೆ!

ಬಂದವರು ನೇರ ಜಗಳಕ್ಕೇ ನಿಂತರು. "ಎಂಥಾ ಔಷಧ ಕೊಟ್ಟೀರಿ? ಇರಬಿ ಸಾಯೋದು ಬಿಡ್ರಿ, ಊರನ ಇರಬಿ ಎಲ್ಲಾ ನಮ್ಮ ಮನಿಗೇ ಬಂದಾವ. ಆದ್ರ ರುಚಿ ಭಾಳ ಚಲೋ ಅದ. ಇನ್ನಾ ನಾಕು ಕೊಡ್ರಿ."

ನಾನು ನಡುವೆ ಬಾಯಿ ಹಾಕಿದೆ. "ವಿಷ ಅಂತ ಒಯ್ದು ಬಾಯಾಗ ಹ್ಯಾಂಗ ಹಾಕ್ಕೊಂಡ್ರಿ ಮಾರಾಯರೇ?"

"ಬಳ್ಳೊಳ್ಳಿ ವಾಸನಿ ಬಂತ್ರಿ. ನಮ್ಮಾಕಿ ನೆಕ್ಕಿ ನೋಡಿದಳು. ಸಾಯಲಿಲ್ಲ. ಆಮ್ಯಾಲ ಎಲ್ಲಾರೂ ರೊಟ್ಟಿ ಜೋಡಿ ತಿಂದ್ವಿ."

ಪಾರ್ವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಇದ್ದ ಪೊಟ್ಟಣಗಳನ್ನೆಲ್ಲ ತಾನೇ ಕಪಾಟಿನಿಂದ ಇಳಿಸಿ, ಚೀಟಿ ಕಿತ್ತು, ಅವರ ಚೀಲಕ್ಕೆ ತುಂಬಿದಳು. ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೇಳಿದಳು: "ಅವರು ವಿಷ ಅಂತ ಒಯ್ದು ಚಲೋ ಅದ ಅಂದ್ರು. ನೀವು ಇಷ್ಟು ವರ್ಷ ಚಟ್ನಿ ಅಂತೇ ತಿಂದೀರಿ. ಏನಂದೀರಿ?"

ನಾನು ಏನೂ ಅಂದಿರಲಿಲ್ಲ. ಮರುದಿನ ಊಟಕ್ಕೆ ಕೂತವನೇ ರೊಟ್ಟಿ ಮುರಿದು, ತಟ್ಟೆಯ ಅಂಚಿನಲ್ಲಿದ್ದ ಚಟ್ನಿ ಹಚ್ಚಿಕೊಂಡು, ಓಣಿಗೆಲ್ಲ ಕೇಳುವಂತೆ, "ಆಹಾ! ಇಂಥಾ ಚಟ್ನಿ ಜಲ್ಮದಾಗ ತಿಂದಿಲ್ಲ!" ಎಂದೆ.

ಪಾರ್ವತಿ ತಲೆಯೆತ್ತಲಿಲ್ಲ. "ಬಾಜೂ ಮನಿಯವರು ಕೊಟ್ಟಾರ" ಎಂದಳು. "ನಂದೆಲ್ಲಾ ಹಲಬರ್ಗಾಕ್ಕ ಹೋಯ್ತಲ್ರಿ."